ವಾಡೆಯ ಪಡಸಾಲೆಯ ಲಾಟಸಾಹೇಬ

ನಾನು ಬಸವನಬಾಗೇವಾಡಿಯ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ದಿನಗಳಲ್ಲಿ, ಅಲ್ಲೇ ಗಣಿತ ಕಲಿಸುತ್ತಿದ್ದ ಗೆಳತಿಯೊಬ್ಬಳು ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಕೇಳಿದಳು: “ನಮ್ಮ ವಾಡೇದಾಗ ಒಬ್ಬ ಲಾಟಸಾಹೇಬ ಅದಾನ. ನೋಡಾಕ ಬರ್ತಿಯೇನು?”

ಅವಳ ಗಂಡನ ಮನೆ ಮನಗೂಳಿಯ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಹಳೆಯ ವತನದಾರರ ಮನೆತನ, ಕಲ್ಲಿನ ಗೋಡೆಯ ದೊಡ್ಡ ವಾಡೆ ಎಂದು ಕೇಳಿದ್ದೆ. ಲಾಟಸಾಹೇಬ ಎಂದರೆ ದರ್ಪದ ಯಾರೋ ಹಿರಿಯರಿರಬೇಕು, ಮನೆಮಂದಿ ಹಿಂದಿನಿಂದ ಹಾಗೆ ಕರೆಯುತ್ತಿರಬೇಕು ಅಂದುಕೊಂಡೆ.

“ಅಲ್ಲ, ಪಟದಾಗಿನ ಸಾಹೇಬ,” ಎಂದಳು. “ಬ್ರಿಟಿಷರ ಕಾಲದಾಗ ಮುಂಬೈ ಇಲಾಖೆ ಆಳಿದವ. ಎಣ್ಣಿ ಬಣ್ಣದಾಗ ತಗದಾರ. ಮನಷ್ಯಾನ ಎತ್ತರ ಐತಿ.”

ಆ ಮಾತು ಕೇಳಿ ನಾನು ಯಾಕೆ ಅಷ್ಟು ಆಸೆಪಟ್ಟೆ ಎಂಬುದನ್ನು ಹೇಳಬೇಕಾದರೆ ನಮ್ಮ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಸಿಂದಗಿಯಲ್ಲಿ. ಅಬ್ಬಾನದು ಬಜಾರದಲ್ಲಿ ಬಟ್ಟೆ ಅಂಗಡಿ. ನಮ್ಮ ಮನೆಯ ಗೋಡೆಯ ಮೇಲೆ ಮನುಷ್ಯರ ಚಿತ್ರ ಹಾಕುತ್ತಿರಲಿಲ್ಲ. ಬಂಗಾರದ ಬಣ್ಣದಲ್ಲಿ ಬರೆದ ಅಲ್ಲಾಹನ ಹೆಸರು, ಒಂದು ಗಡಿಯಾರ, ಮಕ್ಕಾದ ಚಿತ್ರವಿರುವ ಕ್ಯಾಲೆಂಡರ್, ಅಷ್ಟೇ. ನಾನು ಚಿತ್ರ ಕಲಿಯುತ್ತೇನೆ ಎಂದಾಗ ಅಬ್ಬಾನ ತಾಯಿ, ನಮ್ಮ ದಾದಿ, “ಹೂ ಬರಿ, ಬಳ್ಳಿ ಬರಿ. ಮಂದಿ ಮಾರಿ ಯಾಕ?” ಎಂದಿದ್ದರು. ಅಬ್ಬಾ ಮಾತ್ರ ನನ್ನನ್ನು ವಿಜಯಪುರದ ಚಿತ್ರಕಲಾ ಶಾಲೆಗೆ ಸೇರಿಸಿದರು. ಅಲ್ಲಿ ನಾವು ದೊಡ್ಡ ದೊಡ್ಡ ತೈಲಚಿತ್ರಗಳನ್ನು ನೋಡಿದ್ದೆಲ್ಲ ಪುಸ್ತಕದಲ್ಲಿ, ಅಂಗೈಯಷ್ಟು ಅಳತೆಯಲ್ಲಿ, ಬಣ್ಣ ಮಾಸಿದ ಅಚ್ಚಿನಲ್ಲಿ. ಪರೀಕ್ಷೆ ಪಾಸಾಗಿ, ನೌಕರಿ ಹಿಡಿದು, ಮಕ್ಕಳಿಗೆ ಮುಖ ಬರೆಯುವುದನ್ನು ಕಲಿಸುತ್ತಿದ್ದರೂ, ಒಂದು ನಿಜವಾದ ಹಳೆಯ ತೈಲಚಿತ್ರದ ಮುಂದೆ ನಾನು ನಿಂತಿರಲಿಲ್ಲ.

ಮುಂದಿನ ಭಾನುವಾರವೇ ಹೋದೆ. ವಾಡೆಯೆಂದರೆ ಖಾಲಿ ಬಿದ್ದ ಮನೆಯೇನಲ್ಲ. ಅಂಗಳದಲ್ಲಿ ಎರಡು ಟ್ರ್ಯಾಕ್ಟರ್, ಒಂದು ಕಡೆ ತೊಗರಿ ಒಣಗಲು ಹಾಕಿದ್ದರು, ಅಡುಗೆಮನೆಯಿಂದ ಮೂರು ನಾಲ್ಕು ಹೆಂಗಸರ ಮಾತು, ಜಂತಿಗೆ ಕಟ್ಟಿದ ಜೋಳಿಗೆಯಲ್ಲಿ ಮಲಗಿದ ಕೂಸು. ಪಡಸಾಲೆಗೆ ಕಾಲಿಟ್ಟಾಗ ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಕಟ್ಟಿಗೆಯ ಕಂಬಗಳು, ಲೋಡು ಒರಗಿಸಿದ ಗಾದಿ, ಮೂಲೆಯಲ್ಲಿ ಬೀಜದ ಚೀಲಗಳು ಒಂದೊಂದಾಗಿ ಕಂಡವು. ಆಮೇಲೆ ಗಾದಿಯ ಮೇಲಿನ ಗೋಡೆಯಲ್ಲಿ ಅವನು ಕಂಡ.

ಕಪ್ಪಾದ ಬಂಗಾರದ ಚೌಕಟ್ಟಿನೊಳಗೆ ನಿಂತ ಎತ್ತರದ ಮನುಷ್ಯ. ಕಂದು ಬಣ್ಣದ ಕೋಟು, ಹೆಗಲಿನಿಂದ ನೆಲದವರೆಗೆ ಇಳಿದ ಮಖಮಲ್ಲಿನ ಮೇಲಂಗಿ, ಎದೆಯ ಮೇಲೆ ನಕ್ಷತ್ರದಂಥ ಬಿಲ್ಲೆ, ಕೊರಳಲ್ಲೂ ಮುಂಗೈಯಲ್ಲೂ ಬಲೆಯಂತೆ ಹೆಣೆದ ಬಿಳಿ ಪಟ್ಟಿ. ಎಡಗೈ ಕತ್ತಿಯ ಹಿಡಿಕೆಯ ಮೇಲೆ, ಬಲಗೈ ಪಕ್ಕದ ಮೇಜಿನ ಮೇಲೆ. ಹಿಂದೆ ಎಲ್ಲಾ ಕತ್ತಲು. ತುಟಿ ಬಿಗಿದಿದ್ದವು. ಕಣ್ಣು ನಮ್ಮ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತಿದ್ದವು, ಈ ಮನೆಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ. ನಾನು ಹತ್ತಿರ ಹೋದೆ. ಎದೆಯ ಮೇಲಿನ ಬಿಲ್ಲೆ ಹತ್ತಿರದಿಂದ ಬರೀ ಬಣ್ಣದ ಗಂಟು. ಹಿಂದೆ ಸರಿದೆ. ಮತ್ತೆ ಬೆಳ್ಳಿಯಾಯಿತು. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ನೋಡುತ್ತಿರುವಾಗ ಬೆನ್ನ ಹಿಂದಿನಿಂದ ಒಂದು ದನಿ ಬಂತು.

“ಮಾರಿ ಆಮ್ಯಾಲೆ ನೋಡೀರಂತ, ಅಕ್ಕೋರ. ಮೊದಲ ಕೈ ನೋಡ್ರಿ.”

ಗೆಳತಿಯ ಅತ್ತೆ. ಊರಿನವರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸಣಕಲು ದೇಹ, ಇಳಕಲ್ ಸೀರೆ, ದಾರ ಕಟ್ಟಿದ ಕನ್ನಡಕ. ಬಲಗೈಯ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಅಂಟಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿ, ಸೆರಗಿನಲ್ಲಿ ಕೈ ಮುಚ್ಚಿಕೊಂಡರು.

“ನಮ್ಮ ಅತ್ತ್ಯಾರೂ ಚಿತ್ರ ತಗೀತಾರ,” ಎಂದಳು ಗೆಳತಿ. “ನಿನಗ ಹೇಳಿದ್ರ ನಂಬೂದಿಲ್ಲಂತ ಹೇಳಿರಲಿಲ್ಲ.”

ಮೇಜಿನ ಮೇಲಿದ್ದ ಆ ಬಲಗೈಯನ್ನು ಅವ್ವಾರ ಜೊತೆ ನಿಂತು ನೋಡಿದೆ. ನಾಲ್ಕು ಉದ್ದನೆಯ ಬೆರಳು, ಕಿರುಬೆರಳಿಗೊಂದು ಉಂಗುರ. ಕೈ ಮೇಜಿನ ಮೇಲೆ ಭಾರ ಬಿಟ್ಟಿರಲಿಲ್ಲ, ಸುಮ್ಮನೆ ಮುಟ್ಟಿತ್ತು. ಚರ್ಮದ ಕೆಳಗೆ ನರ ಇದೆ ಎಂದು ಗೊತ್ತಾಗುತ್ತಿತ್ತು, ಆದರೆ ನರವನ್ನು ಎಲ್ಲೂ ಬರೆದಿರಲಿಲ್ಲ. ಅವ್ವಾರು ವರ್ಷಗಟ್ಟಲೆ ತಮ್ಮೊಳಗೇ ಇಟ್ಟುಕೊಂಡಿದ್ದ ಪ್ರಶ್ನೆಯೊಂದನ್ನು ಕೇಳಿದರು: ನೆರಳಿರುವ ಕಡೆ ಬಣ್ಣ ಎಷ್ಟು ತೆಳ್ಳಗಿದೆಯೆಂದರೆ ಚಿತ್ರ ಬರೆದ ಬಟ್ಟೆಯ ಎಳೆ ಕಾಣುತ್ತದೆ, ಬೆಳಕಿರುವ ಕಡೆ ಮಾತ್ರ ದಪ್ಪ, ಅದು ಯಾಕೆ? ಶಾಲೆಯಲ್ಲಿ ಕಲಿತದ್ದು ನೆನಪಿತ್ತು. ಹಳೆಯ ಕಾಲದ ಕಲಾವಿದರು ಮೊದಲು ತೆಳು ಕಂದು ಬಣ್ಣದಲ್ಲಿ ಇಡೀ ಚಿತ್ರವನ್ನು ಬಿಡಿಸಿ, ನೆರಳನ್ನು ಹಾಗೇ ಬಿಟ್ಟು, ಬೆಳಕನ್ನು ಮಾತ್ರ ಮೇಲೆ ಕಟ್ಟುತ್ತ ಹೋಗುತ್ತಿದ್ದರು ಎಂದೆ.

ಅವ್ವಾರು ಇನ್ನೊಮ್ಮೆ ನೆರಳಿನ ಕಡೆ ಬಗ್ಗಿ ನೋಡಿದರು. ಆಮೇಲೆ ನಕ್ಕರು. “ಹೌದನ್ರಿ? ಅದಕ್ಕ ನನ್ನ ನೆರಳ ರಾಡಿ ಆಕ್ಕಾವ. ನಾ ನೆರಳನ್ನ ಮ್ಯಾಲ ಹಚ್ಚಾಕ ಹೋಗ್ತಿದ್ದೆ.”

ಆವತ್ತು ನಾನು ಹೋಳಿಗೆ ಊಟ ಮಾಡಿ ಹೊರಡಬೇಕಾದವಳು, ಸಂಜೆಯ ಕೊನೆಯ ಬಸ್ಸಿಗೆ ಹೊರಟೆ. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆಯಾದರೂ ಆ ವಾಡೆಗೆ ಹೋಗದಿದ್ದರೆ ನನಗೆ ಸಮಾಧಾನವಾಗುತ್ತಿರಲಿಲ್ಲ.

ಪಟ ಅಲ್ಲಿಗೆ ಹೇಗೆ ಬಂತೆಂಬುದಕ್ಕೆ ಮನೆಯಲ್ಲಿ ಒಂದೇ ಮಾತು ಉಳಿದಿತ್ತು. ಮನೆತನದ ಹಿರಿಯರೊಬ್ಬರು, ಲಾಟಸಾಹೇಬ ಬೇಟೆಗೆಂದು ಈ ಕಡೆ ಬರುತ್ತಾನೆ, ವಾಡೆಯಲ್ಲಿ ಇಳಿದುಕೊಳ್ಳುತ್ತಾನೆ ಎಂದು ನಂಬಿ, ಅವನನ್ನು ಮೆಚ್ಚಿಸಲು ಮುಂಬೈಯಿಂದ ಅದನ್ನು ತರಿಸಿದ್ದರಂತೆ. ಗೋಡೆಗೆ ಸುಣ್ಣ ಹೊಡೆಸಿ, ಪಟ ಏರಿಸಿ, ದಾರಿ ಕಾಯ್ದರು. ಸಾಹೇಬನ ಪ್ರವಾಸ ಬೇರೆ ಕಡೆ ತಿರುಗಿತು. ಅವನು ಬರಲೇ ಇಲ್ಲ. ಚೌಕಟ್ಟಿನ ಕೆಳಗೆ ಹೆಸರು ಕೆತ್ತಿದ ಹಿತ್ತಾಳೆಯ ಪಟ್ಟಿ ಇತ್ತಂತೆ, ಅದೂ ಎಂದೋ ಕಿತ್ತುಹೋಗಿತ್ತು. ಯಾವ ಲಾಟಸಾಹೇಬ, ಯಾರು ಬರೆದದ್ದು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವ್ವಾರು ಮುದ್ದೇಬಿಹಾಳದ ಕಡೆಯವರು. ಹದಿನಾರರ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಬಂದಾಗ ಪಡಸಾಲೆ ಗಂಡಸರದು. ಅವರೆಲ್ಲ ಹೊಲಕ್ಕೋ ಕೋರ್ಟಿಗೋ ಹೋದ ಮೇಲೆ, ಮಧ್ಯಾಹ್ನ, ಸೊಸೆಯರು ಕಸ ಹೊಡೆಯಲು ಅಲ್ಲಿಗೆ ಬರಬಹುದಿತ್ತು. “ಮೊದಮೊದಲ ಭಾಳ ಅಂಜತಿದ್ದೆ,” ಎಂದು ಅವರು ಹೇಳಿದ್ದರು. “ತಲಿ ಎತ್ತತಿರಲಿಲ್ಲ. ಒಂದಿನ ಕಸ ಹೊಡೀತ ಬಗ್ಗಿದಾಗ ಅವನ ಬೂಟ ಕಾಣ್ತು. ಬೂಟಿನ ಮ್ಯಾಲ ಕಿಡಕಿ ಹೊಳೀತಿತ್ತು. ಕಿಡಕಿ, ಅಕ್ಕೋರ. ಅಷ್ಟ ಸಣ್ಣದು, ಅದರ ಸರಳು ಸೈತ ಕಾಣ್ತಿದ್ದವು. ಬೂಟಿನಾಗ ಕಿಡಕಿ ಹೆಂಗ ಬಂತಂತ ನಾ ಅಲ್ಲೇ ಕುಂತೆ.”

ಅದಾದ ಮೇಲೆ ಅವರು ಒಲೆಯ ಇದ್ದಿಲು ತೆಗೆದುಕೊಂಡು, ಹಿತ್ತಲ ಕಡೆಯ ಕಣಜದ ಗೋಡೆಯ ಮೇಲೆ ಬೂಟು ಬರೆದರು. ಆಮೇಲೆ ಮುಂಗೈಯ ಪಟ್ಟಿ. ಆಮೇಲೆ ಕೈ. ಕೈ ಬರಲಿಲ್ಲ. ಬರೆದು ಅಳಿಸಿ, ಬರೆದು ಅಳಿಸಿ, ಗೋಡೆಯೆಲ್ಲ ಕರಿ ಬಡಿಯಿತು. ಅದನ್ನು ಅವರ ಅತ್ತೆ ನೋಡಿದರು. ಆ ಹಿರಿಯಾಕೆ ಕಟ್ಟುನಿಟ್ಟಿನವರಾಗಿದ್ದರಂತೆ, ಅವರ ಬಳೆಯ ಸಪ್ಪಳ ಕೇಳಿದರೆ ಸೊಸೆಯರು ಮಾತು ನಿಲ್ಲಿಸುತ್ತಿದ್ದರಂತೆ. ಗೋಡೆಯನ್ನು ಬಹಳ ಹೊತ್ತು ನೋಡಿ, “ಗ್ವಾಡಿ ಮ್ಯಾಲ ಬರೀಬ್ಯಾಡ, ಸಾರಸಾಕ ಮಂದಿ ಬೇಕಾಗ್ತೈತಿ. ಹಾಳಿ ಮ್ಯಾಲ ಬರಿ,” ಎಂದಷ್ಟೇ ಹೇಳಿದರು. ಬಾಗೇವಾಡಿ ಸಂತೆಗೆ ಹೋದವರ ಕೈಯಲ್ಲಿ ಬಿಳಿ ಹಾಳೆ, ಸೀಸದ ಕಡ್ಡಿ ತರಿಸಿಕೊಟ್ಟರು. ಯಾರು ಏನು ಎತ್ತ ಎಂದು ಮನೆಯ ಗಂಡಸರಿಗೆ ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಗಂಡನಿಗೆ ಗೊತ್ತಾದಾಗ ಅವರು ಸೋಲಾಪುರಕ್ಕೆ ಹೋದಾಗೆಲ್ಲ ಬಣ್ಣದ ನಳಿಗೆಗಳನ್ನು ತರತೊಡಗಿದರು. ಯಾವ ಬಣ್ಣ ಬೇಕೆಂದು ಅವರಿಗೂ ತಿಳಿಯದು, ಅಂಗಡಿಯವನಿಗೂ ತಿಳಿಯದು. ಬರೀ ಹಸಿರು ಬಂದ ವರ್ಷವೂ ಇತ್ತಂತೆ.

ಅವ್ವಾರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಅವರ ತಂದೆಯ ಸಂಗತಿ. ಆ ತಂದೆ ಖಾದಿ ತೊಟ್ಟವರು. ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. ಪಂಚಮಿಗೆ ಮಗಳನ್ನು ಕರೆದೊಯ್ಯಲು ಮುದ್ದೇಬಿಹಾಳದಿಂದ ಬಂದಾಗ, ಬೀಗರು ಎಷ್ಟು ಹೇಳಿದರೂ ಗಾದಿಯ ಮೇಲೆ ಕೂರುತ್ತಿರಲಿಲ್ಲ. ಎದುರಿನ ಕಂಬದ ಹತ್ತಿರ, ಪಟಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಅಲ್ಲೇ ಊಟ, ಅಲ್ಲೇ ಮಾತು. ಒಂದು ವರ್ಷ ಮಗಳು ಧೈರ್ಯ ಮಾಡಿ ತಾನು ಬರೆದ ಒಂದು ಹಾಳೆಯನ್ನು ಅವರ ಮುಂದೆ ಇಟ್ಟಳು. ಅದು ಕೈ.

“ನಮ್ಮಪ್ಪ ಹಾಳಿ ಹಿಡಕೊಂಡ ಭಾಳ ಹೊತ್ತ ಕುಂತ,” ಎಂದರು ಅವ್ವಾರು. “ಇದನ್ನ ಯಾವುದು ನೋಡಿ ಬರದಿ ಅಂದ. ನಾ ಪಟದ ಕಡೆ ಕೈ ಮಾಡಿದೆ. ಆವಾಗ ಹೊಳ್ಳಿ ನೋಡಿದ. ಅಷ್ಟ ವರ್ಷದಾಗ ಅದ ಮೊದಲ. ಎದ್ದ ಹತ್ರ ಹೋದ. ಹಾಳಿ ನೋಡಿದ, ಪಟ ನೋಡಿದ. ಕೈ ಚಲೋ ತಗದಾನ ಅಂದ. ಮತ್ತ ಬಂದ ಬೆನ್ನ ಮಾಡಿ ಕುಂತ.”

ನಾನು ಇಂಡಿಗೆ ವರ್ಗವಾದ ಮೇಲೂ ಹೋಗಿಬರುವುದನ್ನು ಬಿಡಲಿಲ್ಲ. ದಾರಿ ದೂರವಾಯಿತು, ವಿಜಯಪುರದಲ್ಲಿ ಬಸ್ಸು ಬದಲಿಸಬೇಕು. ನನ್ನವರು “ಯಾರ ಮನಿಗೆ ಹೊಂಟಿ, ಅವ್ವಾರ ಮನಿಗೋ ಸಾಹೇಬನ ಮನಿಗೋ?” ಎಂದು ಚುಡಾಯಿಸುತ್ತಿದ್ದರು. ನಾನು ಅವ್ವಾರಿಗೆ ಒಳ್ಳೆಯ ಕುಂಚ, ಹಾಳೆ, ಚಿತ್ರಗಳ ಪುಸ್ತಕ ಒಯ್ಯುತ್ತಿದ್ದೆ. ಪುಸ್ತಕವನ್ನು ಮರ್ಯಾದೆಗೆಂದು ತಿರುವಿ ಹಾಕಿ ಪಕ್ಕಕ್ಕಿಡುತ್ತಿದ್ದರು. ಅವರಿಗೆ ಸ್ಟೂಲು ಹತ್ತಿ ನೋಡುವ ಆ ಒಂದೇ ಚಿತ್ರ ಸಾಕಾಗಿತ್ತು. ಒಂದೇ ಚಿತ್ರವನ್ನು ಅಷ್ಟು ವರ್ಷ ನೋಡಿ ಬೇಸರವಾಗದವರನ್ನು ನಾನು ಬೇರೆ ಕಂಡಿಲ್ಲ. ಮೊಣಕಾಲಿನ ಹತ್ತಿರ ರೇಷ್ಮೆ ಬಟ್ಟೆ ಮಡಚಿದ ಒಂದು ಜಾಗವನ್ನು ಒಂದು ಇಡೀ ಬೇಸಿಗೆ ಬರೆದರು. ನಾನು ನಮ್ಮ ಶಾಲೆಯ ಹುಡುಗಿಯರಿಗೆ, ಬೇಗ ಮುಗಿಸಿ ಮುಂದಿನದಕ್ಕೆ ಹೋಗುವ ಆತುರದವರಿಗೆ, ಅವರ ಸಂಗತಿ ಹೇಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಮುಂಗಾರು ಮುಗಿಯುವ ಹೊತ್ತಿಗೆ ನಮ್ಮ ಕಡೆ ಎಂದೂ ಬಾರದಂಥ ಜಡಿಮಳೆ ಹಿಡಿಯಿತು. ಮಣ್ಣಿನ ಮಾಳಿಗೆಗಳು ನೀರು ಕುಡಿದು ಭಾರವಾದವು. ಒಂದು ಬೆಳಿಗ್ಗೆ ಗೆಳತಿ ಫೋನ್ ಮಾಡಿದಳು. ಪಡಸಾಲೆಯ ಮೇಲಿನ ತೊಲೆಯೊಂದು ಮುರಿದು, ಮಣ್ಣು ಕುಸಿದು ಬಿದ್ದಿತ್ತು. ಮಂದಿಗೆ ಏನೂ ಆಗಿರಲಿಲ್ಲ. “ಸಾಹೇಬ ಬಿದ್ದಾನ,” ಎಂದಳು. “ಅತ್ತ್ಯಾರು ಮಾತಾಡವಲ್ರು. ನೀ ಬಾ.”

ನಾನು ಹೋಗುವಷ್ಟರಲ್ಲಿ ಪಟವನ್ನು ಊಟದ ಕೋಣೆಗೆ ತಂದು ಜಮಖಾನೆಯ ಮೇಲೆ ಅಂಗಾತ ಮಲಗಿಸಿದ್ದರು. ಚೌಕಟ್ಟು ಒಂದು ಕಡೆ ಒಡೆದಿತ್ತು. ಬಟ್ಟೆ ಕೆಳಗಿನ ಮೂಲೆಯಲ್ಲಿ ಹರಿದಿತ್ತು. ಮುಖಕ್ಕೆ ಪೆಟ್ಟಾಗಿರಲಿಲ್ಲ. ಆದರೆ ಮೇಜಿನ ಸುತ್ತ ನೀರು ನಿಂತು ಬಣ್ಣ ಹೊಪ್ಪಳೆಯಂತೆ ಎದ್ದು ಉದುರಿತ್ತು. ಬಲಗೈ ಇದ್ದ ಜಾಗದಲ್ಲಿ ಬರೀ ಬಟ್ಟೆ. ಅವ್ವಾರು ಪಕ್ಕದಲ್ಲಿ ಕೂತಿದ್ದರು. ಸೀರೆಯ ನಿರಿಗೆಗೆ ಮಣ್ಣು ಹತ್ತಿತ್ತು, ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಅವ್ವಾರ ಹಿರಿಯ ಮಗ, ಗೆಳತಿಯ ಗಂಡನ ಅಣ್ಣ, ಬಾಗಿಲಲ್ಲಿ ನಿಂತಿದ್ದರು. ಊರಿನ ಹತ್ತು ಕೆಲಸ ತಲೆಯ ಮೇಲೆ ಹೊತ್ತವರು, ತಾಯಿಯ ಮೇಲೆ ಜೀವ ಇಟ್ಟುಕೊಂಡವರು, ಈ ಪಟ ಮಾತ್ರ ಅವರಿಗೆ ಎಂದೂ ಸೇರಿರಲಿಲ್ಲ. ಬಂದವರೆಲ್ಲ ‘ಇವ ಯಾರು’ ಎಂದು ಕೇಳುವುದು, ಆಳಿದವನ ಪಟ ಗಾದಿಯ ಮೇಲೆ ಇಟ್ಟಿದ್ದೀರಲ್ಲ ಎನ್ನುವುದು ಅವರಿಗೆ ಮುಜುಗರ.

“ಅವ್ವಾ, ಇಷ್ಟಕ್ಕ ಬಿಡೂಣು,” ಎಂದರು ಮೆಲ್ಲಗೆ. “ನಿಮ್ಮಪ್ಪ ಯಾರ ರಾಜ್ಯದಾಗ ಜೇಲಿಗೆ ಹೋದ? ಇವರ ರಾಜ್ಯದಾಗ. ಇಂಥವನ ಸಲುವಾಗಿ ನೀ ಉಣ್ಣೂದ ಬಿಟ್ಟ ಕುಂತರ ನಾ ಏನಂತ ತಿಳಕೊಳ್ಳಿ?”

ಅವ್ವಾರು ತಲೆಯೆತ್ತಲಿಲ್ಲ. “ಆಳಿದವನ್ನ ನಾ ಇಟಗೊಂಡಿಲ್ಲೋ ತಮ್ಮಾ,” ಎಂದರು. “ಬರದವನ್ನ ಇಟಗೊಂಡೇನಿ. ಇವನ ಹೆಸರೂ ನನಗ ಗೊತ್ತಿಲ್ಲ, ಬೇಕಾಗೂ ಇಲ್ಲ. ಬರದವನ ಹೆಸರ ಗೊತ್ತಿದ್ರ ದಿನಾ ಒಂದ ಹೂ ಏರಸ್ತಿದ್ದೆ.”

ಮಗ ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು ನನ್ನನ್ನು ಕೇಳಿದರು: “ಅಕ್ಕೋರ, ಇದನ್ನ ರಿಪೇರಿ ಮಾಡವರು ಯಾರರ ಇರ್ತಾರೇನ್ರಿ?”

ಚಿತ್ರಕಲಾ ಶಾಲೆಯ ನನ್ನ ಗುರುಗಳಿಗೆ ಫೋಟೋ ಕಳಿಸಿದೆ. ಅವರ ಮೂಲಕ, ಹಳೆಯ ಚಿತ್ರಗಳನ್ನು ಸರಿಪಡಿಸುವುದನ್ನೇ ಕಸುಬು ಮಾಡಿಕೊಂಡ ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು ಸಿಕ್ಕರು. ಅವರು ಬಂದು ನೋಡಿ, ಇಷ್ಟು ದೊಡ್ಡದನ್ನು ಈ ಸ್ಥಿತಿಯಲ್ಲಿ ಸಾಗಿಸುವುದು ಬೇಡ, ಇಲ್ಲೇ ಮಾಡುತ್ತೇನೆ ಎಂದರು. ವಾಡೆಯಲ್ಲಿ ಒಂದು ಕೋಣೆ ಖಾಲಿ ಮಾಡಿಕೊಟ್ಟರು. ಮಗನೇ ನಿಂತು ಕಿಟಕಿಗೆ ಜಾಳಿಗೆ ಹಾಕಿಸಿದರು.

ಆ ತಜ್ಞೆ ಮೊದಲು ಉದುರುವ ಬಣ್ಣವನ್ನು ಹಿಡಿದು ನಿಲ್ಲಿಸಿದರು, ಹರಿದ ಬಟ್ಟೆಯನ್ನು ಎಳೆ ಎಳೆಯಾಗಿ ಕೂಡಿಸಿದರು. ಆಮೇಲೆ ತೊಳೆಯುವ ಕೆಲಸ. ಕಡ್ಡಿಗೆ ಹತ್ತಿ ಸುತ್ತಿ, ಯಾವುದೋ ದ್ರಾವಣದಲ್ಲಿ ಅದ್ದಿ, ಒಂದೊಂದು ಬೆರಳಗಲದ ಜಾಗವನ್ನು ಹಗುರವಾಗಿ ಉರುಳಿಸಿ ಒರೆಸುತ್ತಿದ್ದರು. ಹತ್ತಿ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟು ಕಾಲದ ಲಾಂದ್ರದ ಹೊಗೆ, ಮೇಲೆ ಬಳಿದ ವಾರ್ನಿಷು ಹಳದಿಯಾಗಿ, ಆಮೇಲೆ ಕಂದಾಗಿ ಕೂತದ್ದು. ನಾನು ದಸರೆಯ ರಜೆಯಲ್ಲಿ ಅಲ್ಲೇ ಇದ್ದೆ. ತೋಳಿನ ಹತ್ತಿರ ಮೊದಲ ಕಿಟಕಿ ತೆರೆದಂತೆ ಒಂದು ಚೌಕ ಸ್ವಚ್ಛವಾದಾಗ ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತೆವು. ಕೋಟು ಕಂದು ಬಣ್ಣದ್ದಲ್ಲ. ಕೆಂಪು. ಹಣ್ಣಾದ ಮೆಣಸಿನಕಾಯಿಯ ಕೆಂಪು.

ದಿನಗಳು ಕಳೆದಂತೆ ಅವನ ಹಿಂದಿನ ಕತ್ತಲೂ ಹೋಯಿತು. ಅಲ್ಲಿ ಒಂದು ಹಸಿರು ಪರದೆ, ಪರದೆಯ ಆಚೆ ಸಂಜೆಯ ಆಕಾಶ, ಬಹಳ ಕೆಳಗೆ ಒಂದು ಗೆರೆ ಸಮುದ್ರ. ಅಷ್ಟು ವರ್ಷ ಆ ಮನೆಯಲ್ಲಿ ಸಮುದ್ರವಿತ್ತು, ಯಾರಿಗೂ ಗೊತ್ತಿರಲಿಲ್ಲ.

ನಾನು ಅವ್ವಾರನ್ನೇ ನೋಡುತ್ತಿದ್ದೆ. ಬದುಕೆಲ್ಲ ಆ ಕಂದು ಬಣ್ಣವನ್ನು ನೋಡಿ, ಅದನ್ನೇ ಸಾಧಿಸಿ, ಅದನ್ನೇ ಸಾವಿರ ರೀತಿಯಲ್ಲಿ ಬೆರೆಸಿ ಕಲಿತವರು. ಅವರಿಗೆ ನೋವಾಗಬಹುದೆಂದು ನನ್ನ ಅಂಜಿಕೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇಷ್ಟ ವರ್ಷ ನಾ ಹೊಗಿ ಬರದೇನಿ ನೋಡ್ರಿ, ಅಕ್ಕೋರ,” ಎಂದರು.

“ಬ್ಯಾಸರಾತೇನ್ರಿ, ಅವ್ವಾರ?”

“ಬ್ಯಾಸರ ಯಾಕ? ಹೊಗೀನೂ ಚಲೋನ ಬರದಿದ್ದೆ.” ಆಮೇಲೆ, “ಸೋಲಾಪುರಕ್ಕ ಯಾರರ ಹೋಗವರ ಅದಾರೇನು, ಕೇಳ್ರಿ. ಕೆಂಪ ಬೇಕು,” ಎಂದರು. ಮರುದಿನ ಬೆಳಿಗ್ಗೆ ಅವರು ಹೊಸ ಹಾಳೆ ಹಾಕಿಕೊಂಡು ಕೂತಿದ್ದನ್ನು ಕಂಡಾಗ, ಆ ವಯಸ್ಸಿನಲ್ಲಿ ನನಗೆ ಅಂಥ ಮನಸ್ಸು ಇರಲಿ ಎಂದು ಬೇಡಿಕೊಂಡೆ.

ಕೈಯ ಪ್ರಶ್ನೆ ಕೊನೆಗೆ ಬಂತು. ಇಲ್ಲದ್ದನ್ನು ಊಹಿಸಿ ಬರೆಯುವುದು ನಮ್ಮ ಕೆಲಸವಲ್ಲ, ಕೈ ಹೇಗಿತ್ತೆಂದು ತೋರಿಸುವ ಫೋಟೋ ಏನಾದರೂ ಇದೆಯೇ ಎಂದು ತಜ್ಞೆ ಕೇಳಿದರು. ಮದುವೆಯ ಆಲ್ಬಮ್‌ಗಳನ್ನೆಲ್ಲ ತೆಗೆದೆವು. ಪಡಸಾಲೆಯಲ್ಲಿ ನಿಂತ ಮದುಮಕ್ಕಳ ಹಿಂದೆ ಸಾಹೇಬನ ಮುಖ ಕಾಣುತ್ತಿತ್ತು, ಕೈಯ ಮೇಲೆ ಯಾರದೋ ಪೇಟವೋ ಹಾರವೋ ಅಡ್ಡ ಬಂದಿರುತ್ತಿತ್ತು. ಆಗ ಗೆಳತಿ ಹೋಗಿ ಅತ್ತೆಯ ಟ್ರಂಕನ್ನು ಎಳೆದು ತಂದಳು.

ಅದರಲ್ಲಿ ಅಷ್ಟು ಕೈಗಳಿವೆಯೆಂದು ನನಗೂ ತಿಳಿದಿರಲಿಲ್ಲ. ಇದ್ದಿಲಿನದು, ಸೀಸದ ಕಡ್ಡಿಯದು, ಎಣ್ಣೆ ಬಣ್ಣದ್ದು, ಒಂದು ಬರೀ ಹಸಿರಿನದು. ಹಳೆಯದರಿಂದ ಹೊಸದರವರೆಗೆ ಜಮಖಾನೆಯ ಮೇಲೆ ಸಾಲಾಗಿ ಹರಡಿದೆವು. ತಜ್ಞೆ ಮೊಣಕಾಲೂರಿ ಒಂದು ತುದಿಯಿಂದ ನೋಡುತ್ತ ಹೋದರು. ನಡುವೆ ನಿಂತರು. ಹಿಂದೆ ಬಂದು ಮತ್ತೆ ನೋಡಿದರು.

“ಅವ್ವಾರ, ಇವು ಎಲ್ಲಾ ಒಂದ ಕೈ ಅಲ್ರಿ,” ಎಂದರು.

ಆಗ ನಮಗೂ ಕಂಡಿತು. ಹಳೆಯ ಹಾಳೆಗಳಲ್ಲಿ ಸಾಹೇಬನ ಕೈ: ಉದ್ದ ಬೆರಳು, ಉಂಗುರ, ಭಾರವಿಲ್ಲದ ಹಗುರ. ಬರಬರುತ್ತ ಗೆಣ್ಣು ದಪ್ಪಗಾಗಿತ್ತು. ಉಂಗುರ ಮಾಯವಾಗಿತ್ತು. ಕಿರುಬೆರಳು ಒಳಕ್ಕೆ ಬಾಗಿತ್ತು. ಕೊನೆಕೊನೆಯ ಹಾಳೆಗಳಲ್ಲಿ ಕೈ ಮೇಜನ್ನು ಸುಮ್ಮನೆ ಮುಟ್ಟಿರಲಿಲ್ಲ, ಒತ್ತಿ ಹಿಡಿದಿತ್ತು, ಈಗ ಏಳಬೇಕು ಎನ್ನುವವರ ಹಾಗೆ. ಗೆಳತಿ ಅತ್ತೆಯ ಎಡಗೈಯನ್ನು ಹಿಡಿದು ಮೇಲೆತ್ತಿದಳು. ಕಿರುಬೆರಳು ಒಳಕ್ಕೆ ಬಾಗಿತ್ತು.

ಅವ್ವಾರಿಗೇ ಆಶ್ಚರ್ಯ. ತಮ್ಮ ಕೈಯನ್ನೂ ಹಾಳೆಯನ್ನೂ ನೋಡಿ ನೋಡಿ ನಕ್ಕರು. “ಕಣ್ಣ ಮಂಜ ಆದ ಮ್ಯಾಲ ಪಟ ಸರಿ ಕಾಣ್ತಿರಲಿಲ್ಲ. ಬೆಳಕ ಎಲ್ಲಿ ಬೀಳ್ತೈತಿ ನೋಡಾಕ ಈ ಕೈ ಎದರಿಗೆ ಇಟಗೊಂತಿದ್ದೆ. ಸಾಹೇಬನ್ನ ಬರಿಯಾಕತ್ತೇನಿ ಅಂತನ ಬರದೇನಿ, ಯವ್ವಾ.”

ತಜ್ಞೆ ಹಳೆಯ ಹಾಳೆಗಳಲ್ಲಿ ಕೆಲವನ್ನು ಆರಿಸಿ ಎತ್ತಿಟ್ಟುಕೊಂಡರು. ಅವೆಲ್ಲ ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತಿದ್ದವು, ಅದೇ ಸಾಕ್ಷಿ ಎಂದರು. ಮುಂದೆ ಯಾರಾದರೂ ಬೇಡವೆಂದರೆ ಅಳಿಸಬಹುದಾದ ಬಣ್ಣದಲ್ಲಿ, ಹತ್ತಿರ ಹೋದರೆ ಇದು ಈಗಿನದು ಎಂದು ಗೊತ್ತಾಗುವ ಹಾಗೆ ಸಣ್ಣ ಸಣ್ಣ ಗೆರೆಗಳಲ್ಲಿ ಆ ಕೈಯನ್ನು ತುಂಬಿದರು. ಉಳಿದ ಹಾಳೆಗಳನ್ನು ಅವರೇ ಜೋಪಾನವಾಗಿ ಜೋಡಿಸಿ ಅವ್ವಾರ ಮಡಿಲಲ್ಲಿ ಇಟ್ಟು ಹೇಳಿದರು: “ಇವು ಕಾಪಿ ಅಲ್ರಿ. ಇವು ನಿಮ್ಮವು.”

ಮಾಳಿಗೆ ಹೊಸದಾಗಿ ಹಾಕಿಸಿದ ಮೇಲೆ ಪಟ ಎಲ್ಲಿ ತೂಗುಹಾಕಬೇಕೆಂಬ ಮಾತು ಬಂತು. ಹಿರಿಯ ಮಗ ಯಾರನ್ನೂ ಕೇಳಲಿಲ್ಲ. ಗಾದಿಯ ಮೇಲಿನ ಜಾಗ ಬಿಟ್ಟು, ಉತ್ತರದ ಕಿಟಕಿಯ ಬೆಳಕು ಬರುವ ಗೋಡೆಗೆ ಮೊಳೆ ಹೊಡೆಸಿದರು. ಎತ್ತರಕ್ಕೂ ಹಾಕಲಿಲ್ಲ. ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ಅವರ ಕಣ್ಣಿನ ಮಟ್ಟ ನೋಡಿ ಗುರುತು ಮಾಡಿದರು. ಸಾಹೇಬನ ಬೂಟು ಈಗ ಹೆಚ್ಚುಕಡಿಮೆ ನೆಲಕ್ಕೆ ತಾಗುತ್ತದೆ, ಮನೆಯವರ ಸಾಲಿನಲ್ಲಿ ನಿಂತ ಹಾಗೆ. “ಇನ್ನ ಮ್ಯಾಲ ಸ್ಟೂಲ ಹತ್ತಬ್ಯಾಡ, ಅವ್ವಾ,” ಎಂದಷ್ಟೇ ಅಂದರು. ಆ ಪಟದ ಬಗ್ಗೆ ಅವರ ಅಭಿಪ್ರಾಯ ಬದಲಾಗಿದೆಯೆಂದು ನಾನು ಹೇಳಲಾರೆ. ಬಂದವರು ಕೇಳಿದರೆ ಈಗಲೂ, “ನಮ್ಮನ್ನ ಆಳಿದವರ ಪೈಕಿ ಯಾವನೋ ಒಬ್ಬ” ಎನ್ನುತ್ತಾರೆ. ಆದರೆ ಕೂಡಲೇ, “ಆ ಸಮುದ್ರ ನೋಡ್ರಿ” ಎಂದು ಕೈಹಿಡಿದು ಹತ್ತಿರ ಕರೆದೊಯ್ಯುತ್ತಾರೆ.

ಮರುವರ್ಷ ನಮ್ಮ ಭಾಗದ ಚಿತ್ರಕಲಾ ಶಿಕ್ಷಕರೆಲ್ಲ ಸಿಂದಗಿಯಲ್ಲಿ ಒಂದು ದಿನ ಸೇರಿದಾಗ ನಾನು ಅವ್ವಾರನ್ನು ಕರೆದುಕೊಂಡು ಹೋದೆ. ಕೈಗಳ ಹಾಳೆಗಳನ್ನು ಗೋಡೆಗೆ ಅಂಟಿಸಿದ್ದೆವು. ಭಾಷಣ ಮಾಡಿ ಎಂದರೆ ಒಲ್ಲೆ ಎಂದರು. ಮುದ್ದೇಬಿಹಾಳದಿಂದ ಬಂದಿದ್ದ ಒಬ್ಬ ಹೊಸ ಶಿಕ್ಷಕಿ, “ಅವ್ವಾರ, ನಿಮಗ ಯಾರ ಕಲಿಸಿದ್ರು?” ಎಂದು ಕೇಳಿದಳು. ಅವ್ವಾರು ಯೋಚನೆ ಮಾಡಿ ಹೇಳಿದರು: “ಕಲಿಸಿದಂವ ಸತ್ತ ಯಾವ ಕಾಲಾತೋ. ಅವನ ದೇಶ ಬ್ಯಾರೆ, ಮಾತ ಬ್ಯಾರೆ. ನನ್ನಂಥಾಕಿ ಒಬ್ಬಾಕಿ ಮುಂದ ನೋಡ್ತಾಳಂತ ಅವಗೇನ ಗೊತ್ತಿತ್ತು? ಆದ್ರೂ ಒಂದ ಗೀರೂ ಬ್ಯಾಸರದಿಂದ ಹಾಕಿಲ್ಲ ನೋಡವ್ವಾ ಅಂವ. ಅಷ್ಟ ಸಾಕಾತು ನನಗ.”

ಆ ದಿನ ದಾದಿಯನ್ನೂ ಕರೆತಂದಿದ್ದೆ, ಸಭೆ ನಮ್ಮ ಮನೆಗೆ ಹತ್ತಿರವೇ ಇತ್ತು. ತೊಂಬತ್ತು ದಾಟಿದ ಅವರು ಅಷ್ಟೂ ಹಾಳೆಗಳ ಮುಂದೆ ನಿಧಾನವಾಗಿ ನಡೆದರು. ಅವ್ವಾರೂ ಅವರೂ ಮಾತಾಡಿದ್ದು ಬರೀ ಮೊಣಕಾಲು ನೋವಿನ ಬಗ್ಗೆ. ಮನೆಗೆ ಮರಳುವಾಗ ದಾದಿ, “ಆಕಿ ಕೈ ಪಾಕ್ ಐತಿ,” ಎಂದರು. ದಾದಿಯ ಬಾಯಲ್ಲಿ, ಪವಿತ್ರ ಎನ್ನುವ ಆ ಮಾತಿಗಿಂತ ದೊಡ್ಡ ಮಾತು ಇರಲಿಲ್ಲ.

ಈಗ ಅವ್ವಾರು ಸಾಹೇಬನನ್ನು ಬರೆಯುವುದನ್ನು ಬಿಟ್ಟಿದ್ದಾರೆ. ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಹುಕಿ ಬಂದಿದೆ. ಕಣ್ಣಿನ ಆಪರೇಷನ್ ಆದ ಮೇಲೆ ಮೊದಲು ಕೂರಿಸಿದ್ದು ಹಿರಿಯ ಮಗನನ್ನು. ಕಳೆದ ತಿಂಗಳು ನಾನು ಹೋದಾಗ ಕೆಲಸ ನಡೆದಿತ್ತು. ಮಗ ಬಿಳಿ ಅಂಗಿ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದರು. ಮೇಲಿಂದ ಮೇಲೆ ಫೋನ್ ಬರುತ್ತಿತ್ತು, ಪ್ರತಿ ಸಲವೂ ತಲೆ ಹೊರಳುತ್ತಿತ್ತು.

“ಅದನ್ನ ಬಂದ್ ಮಾಡ,” ಎಂದರು ಅವ್ವಾರು. “ಒಂದ ತಾಸ ಊರ ನೀ ಇಲ್ದ ನಡೀತೈತಿ.”

ಮಗ ಫೋನ್ ಬಂದ್ ಮಾಡಿ ನನ್ನ ಕೈಗೆ ಕೊಟ್ಟರು. ನಾನು ಹಿಂದೆ ನಿಂತು ನೋಡಿದೆ. ಹಾಳೆಯ ಮೇಲೆ ಅವರ ಮೀಸೆ, ದುಂಡು ಗಲ್ಲ, ಊರಿನ ಕೆಲಸಕ್ಕೆ ಅಲೆದು ಕಣ್ಣ ಕೆಳಗೆ ಮೂಡಿದ ಚೀಲ, ಎಲ್ಲ ಬಂದಿದ್ದವು. ತಾಯಿಗೆ ಮಾತ್ರ ಕಾಣುವ ಯಾವುದೋ ಮೆತ್ತಗಿನ ಗುಣವೂ ತುಟಿಯ ಹತ್ತಿರ ಬಂದಿತ್ತು. ಬಹಳ ಚೆನ್ನಾಗಿದೆ, ಮುಗಿಯಿತಲ್ಲ ಎಂದೆ.

“ಇಲ್ರಿ ಅಕ್ಕೋರ, ಕಿವಿ ಇನ್ನಾ ಕುಂತಿಲ್ಲ,” ಎಂದು ಅವ್ವಾರು ಕಿವಿಯನ್ನು ಒರೆಸಿ ಹಾಕಿ, ಮೊದಲಿನಿಂದ ಶುರು ಮಾಡಿದರು.